ಓದುಗರ ಪ್ರಶ್ನೆ: ಉಸಿರು ಬಿಗಿಹಿಡಿದಾಗ ಮೆದುಳಲ್ಲಿ ಏನು ಕಾಣುತ್ತೆ?

ಪ್ರಶ್ನೆ: ದುರ್ಗದ ಕೋಟೆ ಹತ್ತುವಾಗ ಏದುಸಿರು ಕೇಳದೇ ಬರುತ್ತದೆ. ಮೇಲೆ ಕೂತು ಉಸಿರು ಕಟ್ಟಿದರೆ ನನ್ನ ಮಾತು ಕೇಳುತ್ತದೆ, ಆದರೆ ಅರ್ಧ ನಿಮಿಷಕ್ಕೇ ಸೋಲು. ಉಸಿರಿನ ಯಜಮಾನ ಯಾರು?
– ಓದುಗರು, ಹೊಳಲ್ಕೆರೆ

ಉತ್ತರ: ಯಜಮಾನರು ಇಬ್ಬರು. ಮೆದುಳಿನ ಬುಡದ ಮೆಡುಲ್ಲಾದಲ್ಲಿ ಪ್ರಿ-ಬಾಟ್ಸಿಂಗರ್ ಎಂಬ ನರಕೋಶಗಳ ಪುಟ್ಟ ಗುಂಪಿದೆ. ಹಗಲೂ ರಾತ್ರಿ ಉಸಿರಿಗೆ ತಾಳ ಹಾಕುವುದು ಅದೇ. 1991ರಲ್ಲಿ ಇಲಿಮರಿಯ ಮೆದುಳಿನ ತೆಳು ಹೋಳಿನಲ್ಲಿ ಇದನ್ನು ಗುರುತಿಸಿದರು. (ಬಾಟ್ಸಿಂಗರ್ ಎಂಬುದು ವಿಜ್ಞಾನಿಯ ಹೆಸರಲ್ಲ, ಜರ್ಮನಿಯ ಒಂದು ವೈನ್‌ನ ಹೆಸರು!) ಎರಡನೆಯವನು ಮೆದುಳಿನ ಮೇಲ್ಪದರ. ಮಾತಾಡುವಾಗ, ಹಾಡುವಾಗ, ಉಸಿರು ಕಟ್ಟುವಾಗ ಅಲ್ಲಿಂದ ಬೆನ್ನುಹುರಿಗೆ ಬೇರೆ ದಾರಿಯಲ್ಲಿ ಆಜ್ಞೆ ಇಳಿದು, ಕುತ್ತಿಗೆಯ 3, 4, 5ನೇ ನರಗಳ ಮೂಲಕ ವಪೆಗೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ತಲುಪುತ್ತದೆ. ದಾರಿ ಎರಡೆಂಬುದಕ್ಕೆ ಕಾಯಿಲೆಗಳೇ ಸಾಕ್ಷಿ. ಮೆದುಳಕಾಂಡಕ್ಕೆ ಪಾರ್ಶ್ವವಾಯು ಬಡಿದ ಕೆಲವರಿಗೆ ಬೇಕೆಂದಾಗ ಉಸಿರೆಳೆಯಲು ಆಗದು, ತಾನಾಗಿ ಮಾತ್ರ ಆಡುತ್ತದೆ. ಪಿಎಚ್‌ಒಎಕ್ಸ್‌2ಬಿ ಜೀನಿನ ದೋಷವಿರುವ ಮಕ್ಕಳದ್ದು ಇದರ ತದ್ವಿರುದ್ಧ: ಎಚ್ಚರವಿದ್ದಾಗ ಸರಿಯಾಗಿ ಉಸಿರಾಡುತ್ತಾರೆ, ನಿದ್ದೆ ಹತ್ತಿದರೆ ಉಸಿರು ಕುಸಿಯುತ್ತದೆ. ನಿಮ್ಮ ಅರ್ಧ ನಿಮಿಷದ ಸೋಲಿಗೆ ಬಹುಪಾಲು ಕಾರಣ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್.

ಪ್ರಶ್ನೆ: ಜನರನ್ನು ಎಂಆರ್‌ಐ ಒಳಗೆ ಮಲಗಿಸಿ ಉಸಿರಾಟದ ನಿಯಂತ್ರಣವನ್ನು ಅಧ್ಯಯನ ಮಾಡುತ್ತಾರಂತೆ. ಹೇಗೆ? ಅದರಲ್ಲಿ ಕಷ್ಟವೇನು?
– ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮುಖ್ಯ ಕಷ್ಟ ಇದು: ಅಳೆಯಬೇಕಾದ ಉಸಿರೇ ಅಳತೆಯನ್ನು ಕೆಡಿಸುತ್ತದೆ. ದುಡಿಯುವ ಮೆದುಳಿನ ಚಿತ್ರ ತೆಗೆಯುವ ಎಂಆರ್‌ಐ, ಅಂದರೆ ಎಫ್‌ಎಂಆರ್‌ಐ, ನೋಡುವುದು ನರಕೋಶವನ್ನಲ್ಲ, ರಕ್ತದ ಆಮ್ಲಜನಕವನ್ನು. ಒಂದು ಜಾಗ ದುಡಿದರೆ ಅಲ್ಲಿಗೆ ಹೊಸ ರಕ್ತ ನುಗ್ಗಿ, ಸುಮಾರು 5 ಸೆಕೆಂಡ್ ತಡವಾಗಿ ಸಂಕೇತ ಏರುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಏರಿದರೆ ಮೆದುಳಿನ ರಕ್ತನಾಳಗಳೆಲ್ಲ ಹಿಗ್ಗುತ್ತವೆ, ಅದರ ಒತ್ತಡ 1 ಮಿ.ಮೀ. ಪಾದರಸದಷ್ಟು ಏರಿದರೆ ರಕ್ತದ ಹರಿವು ಸುಮಾರು 3–4% ಹೆಚ್ಚುತ್ತದೆ. ನಿಮ್ಮ ಕಡೆಯ ಭದ್ರಾ ನಾಲೆಯನ್ನೇ ನೆನೆಯಿರಿ. ಒಂದೇ ಗದ್ದೆಯಲ್ಲಿ ನೀರು ಏರಿದರೆ ಅದರ ತೂಬು ತೆಗೆದಿದ್ದಾರೆ ಎನ್ನಬಹುದು. ನಾಲೆಗೇ ನೀರು ಹೆಚ್ಚು ಬಿಟ್ಟಾಗ ಎಲ್ಲ ಗದ್ದೆಗಳೂ ತುಂಬುತ್ತವೆ, ಯಾರು ತೂಬು ತೆಗೆದರೆಂದು ಹೇಳುವುದು ಹೇಗೆ?

ಅದಕ್ಕೇ ಒಳ್ಳೆಯ ಪ್ರಯೋಗದಲ್ಲಿ ಮಾಸ್ಕ್ ಹಾಕಿ, ವ್ಯಕ್ತಿ ಜೋರಾಗಿ ಉಸಿರಾಡಿದಾಗ ಒಳಗೆಳೆಯುವ ಗಾಳಿಗೆ ಸ್ವಲ್ಪ ಡೈಆಕ್ಸೈಡ್ ಬೆರೆಸಿ, ಹೊರಬರುವ ಉಸಿರಿನ ಕೊನೆಯ ಮಟ್ಟವನ್ನು 40 ಮಿ.ಮೀ. ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ಆ ಮಟ್ಟ ಅಳೆಯುವ ಸಾಮಾನ್ಯ ಯಂತ್ರವನ್ನು ಅಯಸ್ಕಾಂತದ ಕೋಣೆಯೊಳಗೆ ಇಡುವಂತಿಲ್ಲ. ಮೂಗಿನಿಂದ ಹಲವು ಮೀಟರ್ ಸಣ್ಣ ಕೊಳವೆ ಗೋಡೆಯಾಚೆ ಹೋಗುತ್ತದೆ, ಗಾಳಿ ಅಲ್ಲಿ ತಲುಪಲು ಕೆಲವು ಸೆಕೆಂಡ್ ಬೇಕು. ಗಾಳಿಯ ದಾಖಲೆಯನ್ನು ಅಷ್ಟು ಹಿಂದಕ್ಕೆ ಸರಿಸದಿದ್ದರೆ ಲೆಕ್ಕವೆಲ್ಲ ಬುಡಮೇಲು. ಮೊದಲೇ ಒಂದು ಸಲ ದೊಡ್ಡದಾಗಿ ಉಸಿರು ಬಿಡಿಸಿ, ಉಸಿರಿನ ಏರಿಳಿತ ದಾಖಲಿಸಲು ಹೊಟ್ಟೆಗೆ ಕಟ್ಟಿದ ಬೆಲ್ಟಿನ ರೇಖೆಗೂ ಗಾಳಿಯ ರೇಖೆಗೂ ಎಷ್ಟು ಅಂತರವೆಂದು ನೋಡಿಕೊಂಡರೆ ಸಾಕು. ಗಾಳಿಯ ರೇಖೆಯ ನೆತ್ತಿ ಜಗಲಿಯಂತೆ ಮಟ್ಟಸವಾಗಿರಬೇಕು. ಗುಡ್ಡದಂತೆ ಚೂಪಾಗಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಬಾಯಲ್ಲಿ ಉಸಿರಾಡುತ್ತಿದ್ದಾರೆ. ಆ ಅಂಕಿಯನ್ನು ನಂಬಬೇಡಿ. ಬೆಲ್ಟಿಗೂ ಹದ ಬೇಕು. ಬಿಗಿಯಾದರೆ ರೇಖೆಯ ನೆತ್ತಿ ಕತ್ತರಿಸಿ ಹೋಗುತ್ತದೆ, ಸಡಿಲವಾದರೆ ಉಸಿರು ಬಿಟ್ಟಾಗ ರೇಖೆ ಸತ್ತು ಮಲಗುತ್ತದೆ.

ಉಸಿರು ಕಟ್ಟಿಸುವುದಾದರೆ ಬಿಟ್ಟ ಮೇಲೆ ಕಟ್ಟಿಸಬೇಕು, 15–20 ಸೆಕೆಂಡ್, ನಡುವೆ ತಾಳಕ್ಕೆ ತಕ್ಕ ಉಸಿರಾಟ, ಹೀಗೆ ಹಲವು ಸಲ. “ಉಸಿರು ಹಿಡಿ” ಎಂದೊಡನೆ ಬಹಳಷ್ಟು ಜನ ಎದೆ ತುಂಬ ಎಳೆದುಕೊಳ್ಳುತ್ತಾರೆ. ಆಗ ಡೈಆಕ್ಸೈಡ್ ಮೊದಲು ಇಳಿದು ಆಮೇಲೆ ಏರುತ್ತದೆ, ಸಂಕೇತವೂ ಮೊದಲು ಕುಸಿಯುತ್ತದೆ.

ಇನ್ನೊಂದು ತಕರಾರು. ನಿಮಿಷಕ್ಕೆ 15 ಉಸಿರೆಂದರೆ 4 ಸೆಕೆಂಡಿಗೆ ಒಂದು. 2 ಸೆಕೆಂಡಿಗೊಂದು ಚಿತ್ರ ತೆಗೆದರೆ ಒಂದು ಉಸಿರಿಗೆ ಸಿಗುವುದು ಎರಡೇ ಚಿತ್ರ. ಉಸಿರು ಕೊಂಚ ಚುರುಕಾದರೂ ಎದೆಯ ಏರಿಳಿತ ನಿಧಾನದ ಬೇರಾವುದೋ ಅಲೆಯಂತೆ ವೇಷ ಹಾಕಿ ಬರುತ್ತದೆ. ಬೆಲ್ಟ್ ಮತ್ತು ನಾಡಿಯ ದಾಖಲೆ ಇಟ್ಟುಕೊಂಡು ಅದನ್ನು ಲೆಕ್ಕದಿಂದ ಕಳೆಯುವ ರೆಟ್ರೊಐಕಾರ್ ವಿಧಾನ 2000ರಲ್ಲಿ ಬಂತು, ಇಂದಿಗೂ ಬಳಕೆಯಲ್ಲಿದೆ.

ಇಷ್ಟೆಲ್ಲ ಮಾಡಿದರೂ ಮೆಡುಲ್ಲಾ ಹಟಮಾರಿ. ಅಲ್ಲಿನ ಕೋಶಗುಂಪುಗಳು ಕೆಲವೇ ಮಿ.ಮೀ.; 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದ ಚಿತ್ರದ ಒಂದೊಂದು ಕಾಳು ಸಾಮಾನ್ಯವಾಗಿ 2–3 ಮಿ.ಮೀ. ಪಕ್ಕದಲ್ಲೇ ರಕ್ತನಾಳ ಮಿಡಿಯುತ್ತಿರುತ್ತದೆ, ಎದೆಯ ಗಾಳಿ ಏರಿಳಿದಂತೆ ಕಾಂತಕ್ಷೇತ್ರವೂ ಅಲುಗುತ್ತದೆ. 7 ಟೆಸ್ಲಾದಲ್ಲಿ ಸುಮಾರು 1 ಮಿ.ಮೀ.ಗೆ ಇಳಿಯಬಹುದು. 3 ಮಿ.ಮೀ. ಚಿತ್ರದಲ್ಲಿ ಕೆಂಪು ಚುಕ್ಕೆ ತೋರಿಸಿ “ಇದೇ ಪ್ರಿ-ಬಾಟ್ಸಿಂಗರ್” ಎಂದರೆ ಅನುಮಾನದಿಂದಲೇ ಓದಿ. ಮೇಲ್ಪದರದ ಆಜ್ಞಾ ಭಾಗ, ಉಬ್ಬಸದ ಸಂಕಟದಲ್ಲಿ ಎದ್ದೇಳುವ ಇನ್ಸುಲಾ (ಮೇಲ್ಪದರದ ಒಳಮಡಿಕೆ), ಇವುಗಳ ವಿಷಯದಲ್ಲಿ ಚಿತ್ರಗಳನ್ನು ಹೆಚ್ಚು ನಂಬಬಹುದು.

ಪ್ರಶ್ನೆ: ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಮೆಟ್ಟಿಲು ಹತ್ತಿದರೆ ಉಬ್ಬಸ. ಮೆದುಳಿನ ಸ್ಕ್ಯಾನ್ ಬೇಕೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಮೇಲೆ ಹೇಳಿದ್ದೆಲ್ಲ ಸಂಶೋಧನೆಗೆ. ನಿಮಗೆ ಮೊದಲು ಬೇಕಾದದ್ದು ಊದಿಸಿ ನೋಡುವ ಸ್ಪೈರೋಮೆಟ್ರಿ, ಎದೆಯ ಎಕ್ಸ್‌ರೇ, ಹಿಮೋಗ್ಲೋಬಿನ್, ಇಸಿಜಿ. ಊದುವಾಗ ಸುಮಾರು 6 ಸೆಕೆಂಡ್ ಬಿಡದೆ, ಕೊನೆಯ ಗಾಳಿಯವರೆಗೆ ಊದಿ. ನಡುವೆ ಬಿಟ್ಟರೆ ಫಲಿತಾಂಶ ತಪ್ಪುತ್ತದೆ. ಹೊಗೆಯಲ್ಲಿ ಕೆಲಸ ಮಾಡುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಎದೆನೋವು ಬಂದರೆ, ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರಾದರೆ ಮಾತ್ರ ಕಾಯಬೇಡಿ, 108ಕ್ಕೆ ಕರೆ ಮಾಡಿ.