ಬರಹಗಾರರಿಗೆ ಸಲಹೆ: ನಿಮ್ಮ ಬಸ್ಸು ತುಂಬಿರಬಾರದು

ಮಾನ್ಯರೇ,

ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನ್‌ಗಳಿಗೆ ಸಿಗುವ ಶಕ್ತಿಸ್ಥಿತಿಗಳು ವಿರಳವಾಗುವ ಸೂಡೋಗ್ಯಾಪ್ ಎಂಬ ಒಗಟಿನ ಬಗ್ಗೆ ಮಧುಗಿರಿಯಿಂದ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಕಳುಹಿಸಿದರೆ ಮತ್ತೆ ಓದುತ್ತೇನೆ. ಒಂದನ್ನೊಂದು ಬಲವಾಗಿ ದೂಡುವ ಎಲೆಕ್ಟ್ರಾನ್‌ಗಳ ಸೈದ್ಧಾಂತಿಕ ಮಾದರಿಗಳ ಬಗ್ಗೆ ಬರೆಯುವ ಧೈರ್ಯ ಮಾಡಿದವರು ತುಮಕೂರಿನ ನಮ್ಮ ಪುಟ್ಟ ವಿಜ್ಞಾನ ಪತ್ರಿಕೆಗೆ ಇದುವರೆಗೆ ಸಿಕ್ಕಿರಲಿಲ್ಲ.

ಮೊದಲು ನಿಮ್ಮ ಬಸ್ಸಿನ ಮಾತು. ಕಾಲಿಡಲು ಜಾಗವಿಲ್ಲದ ಮಧುಗಿರಿ–ತುಮಕೂರು ಬಸ್ಸಿನಲ್ಲಿ ಯಾರೂ ಅಲುಗಾಡಲಾರರು, ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನ್‌ಗಳ ಪಾಡೂ ಅದೇ ಎಂದಿದ್ದೀರಿ. ಓದಲು ಸೊಗಸಾಗಿದೆ, ಭೌತಶಾಸ್ತ್ರವಾಗಿ ತಪ್ಪು. ತುಂಬಿದ ಬಸ್ಸು ಸಾಮಾನ್ಯ ಅವಾಹಕಕ್ಕೆ ಹೊಂದುವ ಹೋಲಿಕೆ. ಡೋಪಿಂಗ್ ಮಾಡದ, ಅಂದರೆ ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಬದಲಿಸದ, ತಾಮ್ರದ ಆಕ್ಸೈಡಿನಲ್ಲಿ ಎರಡು ಎಲೆಕ್ಟ್ರಾನ್‌ಗಳಿಗೆ ಎಡೆಯಿರುವ ಪ್ರತಿ ತಾಣದಲ್ಲೂ (ತಾಮ್ರದ ಪರಮಾಣುವಿನ ಜಾಗ) ಒಂದೊಂದೇ ಇರುತ್ತದೆ. ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆಯನ್ನು ಲೆಕ್ಕಿಸದ ಸರಳ ಪಟ್ಟಿ ಸಿದ್ಧಾಂತದ ಪ್ರಕಾರ ಅದು ವಿದ್ಯುತ್ತನ್ನು ಹರಿಸಬೇಕಿತ್ತು, ಹರಿಸುವುದಿಲ್ಲ. ಆದ್ದರಿಂದ ಬಸ್ಸನ್ನು ಬಿಡದೆ ಸೀಟುಗಳನ್ನು ನೋಡಿ. ಇಬ್ಬರು ಕೂರುವ ಪ್ರತಿ ಸೀಟಿನಲ್ಲೂ ಒಬ್ಬೊಬ್ಬರೇ ಕೂತಿದ್ದಾರೆ, ಪಕ್ಕಕ್ಕೆ ಇನ್ನೊಬ್ಬರು ಬರುವುದನ್ನು ಯಾರೂ ಸಹಿಸುವುದಿಲ್ಲ. (ನಮ್ಮ ಬಸ್ಸುಗಳಲ್ಲಿ ಇಂಥ ದೃಶ್ಯ ಕಾಣುವುದಿಲ್ಲ ಎಂಬುದು ಬೇರೆ ಮಾತು.) ಆ ಅಸಹನೆಗೆ ತೆರಬೇಕಾದ ಶಕ್ತಿಯೇ 1963ರಲ್ಲಿ ಭೌತವಿಜ್ಞಾನಿ ಹಬಾರ್ಡ್ ಮಂಡಿಸಿದ ಮಾದರಿಯ ‘ಯು’, ಒಂದು ಸೀಟಿನಿಂದ ಪಕ್ಕದ ಸೀಟಿಗೆ ಜಿಗಿಯುವ ಸಾಮರ್ಥ್ಯ ಅದರ ‘ಟಿ’. ಕೊರಟಗೆರೆಯಲ್ಲಿ ನಾಲ್ವರು ಇಳಿದರೆ ನಾಲ್ಕು ಸೀಟು ಖಾಲಿಯಾಗಿ ಚಲನೆ ಶುರುವಾಗುತ್ತದೆ. ಡೋಪಿಂಗ್ ಎಂದರೆ ಅದೇ. ನಿಮ್ಮ ಲೇಖನದ ಮೊದಲ ಪುಟ ಇಷ್ಟನ್ನು ಹೇಳಿದರೆ ಸಾಕು.

ಎರಡನೆಯ ಪುಟದಲ್ಲಿ, ಅತಿವಾಹಕತೆ (ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಸ್ಥಿತಿ) ಮುಗಿಯುವ ತಾಪಮಾನದಲ್ಲೇ ಸೂಡೋಗ್ಯಾಪ್ ಕೂಡ ಮುಚ್ಚಿಹೋಗುತ್ತದೆ ಎಂದು ಬರೆದಿದ್ದೀರಿ. ಹಾಗೆ ಮುಚ್ಚಿಹೋಗಿದ್ದರೆ ಒಗಟೇ ಇರುತ್ತಿರಲಿಲ್ಲ. ಡೋಪಿಂಗ್ ಕಡಿಮೆಯಿರುವ ಇಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡಿನ ಮೇಲೆ 1989ರಲ್ಲಿ ನಡೆದ ಎನ್‌ಎಂಆರ್ (ಪರಮಾಣು ಬೀಜಗಳ ಕಾಂತೀಯ ಅನುರಣನ) ಪ್ರಯೋಗಗಳು, ಅತಿವಾಹಕತೆ ಆರಂಭವಾಗುವುದಕ್ಕೆ ಬಹಳ ಮೊದಲೇ, ಇನ್ನೂ ಹೆಚ್ಚಿನ ತಾಪಮಾನದಲ್ಲಿಯೇ, ಎಲೆಕ್ಟ್ರಾನ್‌ಗಳ ಸ್ಪಿನ್ (ಪುಟ್ಟ ಆಯಸ್ಕಾಂತದಂಥ ಗುಣ) ಕಾಂತಕ್ಷೇತ್ರಕ್ಕೆ ತೋರುವ ಪ್ರತಿಕ್ರಿಯೆ ಕುಗ್ಗತೊಡಗುವುದನ್ನು ತೋರಿಸಿದವು. ಫರ್ಮಿ ಮಟ್ಟದ (ಎಲೆಕ್ಟ್ರಾನ್‌ಗಳು ತುಂಬಿರುವ ಶಕ್ತಿಯ ಮೇಲಿನ ಗಡಿ) ಸುತ್ತ ಸ್ಥಿತಿಗಳು ವಿರಳವಾಗುತ್ತವೆಯೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ. ‘ಸೂಡೋ’ (ಹುಸಿ) ಎಂಬ ಮಾತು ಬಂದದ್ದು ಅದರಿಂದಲೇ. ಅದಕ್ಕೆ ದಿಕ್ಕೂ ಉಂಟು: ತಾಮ್ರ–ಆಮ್ಲಜನಕ ಬಂಧದ ದಿಕ್ಕಿನಲ್ಲಿ ಅಂತರ ತೆರೆದುಕೊಂಡರೆ, ತಾಮ್ರದ ಪರಮಾಣುಗಳ ಚೌಕದ ಕರ್ಣದ ದಿಕ್ಕಿನಲ್ಲಿ ಫರ್ಮಿ ಮೇಲ್ಮೈಯ (ಚಲನೆಯ ಎಲ್ಲ ದಿಕ್ಕುಗಳಲ್ಲಿ ಆ ಗಡಿಯ ನಕ್ಷೆ) ಒಂದು ತುಣುಕು ಕಮಾನಿನಂತೆ ಉಳಿದುಕೊಳ್ಳುತ್ತದೆ.

ಈ ದಿಕ್ಕಿನ ವಿಷಯ ಕೈಬಿಟ್ಟದ್ದರಿಂದಲೇ ನಿಮ್ಮ ಮೂರನೆಯ ಪುಟ ಎಡವಿದೆ. ಒಂದೇ ತಾಣದ ಡೈನಮಿಕಲ್ ಮೀನ್ ಫೀಲ್ಡ್ ಲೆಕ್ಕವೇ ಆ ಕಮಾನುಗಳನ್ನು ಕೊಡುತ್ತದೆ ಎಂದಿದ್ದೀರಿ, ಕೊಡಲಾರದು. ಆ ವಿಧಾನದಲ್ಲಿ ಉಳಿದ ಎಲ್ಲ ತಾಣಗಳನ್ನೂ ಒಂದು ಸರಾಸರಿ ಪರಿಸರವೆಂದು ಭಾವಿಸಿ, ಅದರೊಳಗೆ ಒಂದು ತಾಣವನ್ನಿಟ್ಟು ಬಿಡಿಸುತ್ತಾರೆ. ಆದ್ದರಿಂದ ವಿಕರ್ಷಣೆಯಿಂದ ಎಲೆಕ್ಟ್ರಾನಿನ ಶಕ್ತಿಗೆ ಬೀಳುವ ತಿದ್ದುಪಡಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಯೇ ವಿನಾ ದಿಕ್ಕಿಗೆ ತಕ್ಕಂತೆ ಬದಲಾಗುವುದಿಲ್ಲ. ಪಕ್ಕದ ಸೀಟಿನವನ ಸ್ಪಿನ್ ಯಾವ ಕಡೆಗಿದೆ ಎಂಬುದು ಲೆಕ್ಕಕ್ಕೆ ಬರಬೇಕಾದರೆ ನಾಲ್ಕೋ ಎಂಟೋ ತಾಣಗಳ ಗುಂಪನ್ನು ಒಟ್ಟಿಗೆ ಬಿಡಿಸಬೇಕು, ಆಗ ಬಂಧದ ದಿಕ್ಕು ಮತ್ತು ಕರ್ಣದ ದಿಕ್ಕು ಬೇರೆಯಾಗುತ್ತವೆ. ಲೇಖನದ ತಿರುಳು ಇಲ್ಲಿದೆ. ನೀವು ಇದಕ್ಕೆ ಎರಡು ಸಾಲು ಕೊಟ್ಟಿದ್ದೀರಿ, ಎರಡು ಪುಟ ಕೊಡಿ.

ದೊಡ್ಡ ಕಂಪ್ಯೂಟರ್ ಬಂದರೆ ಎಲ್ಲವೂ ಬಗೆಹರಿಯುತ್ತದೆ ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಪ್ರತಿ ತಾಣಕ್ಕೆ ನಾಲ್ಕು ಸ್ಥಿತಿಗಳು: ಖಾಲಿ, ಮೇಲ್ಮುಖ ಸ್ಪಿನ್, ಕೆಳಮುಖ ಸ್ಪಿನ್, ಎರಡೂ. ನಾಲ್ಕು ತಾಣಕ್ಕೆ 256 ಸ್ಥಿತಿಗಳಾದರೆ ಹದಿನಾರು ತಾಣಕ್ಕೆ ಸುಮಾರು 429 ಕೋಟಿಯಾಗುತ್ತವೆ. ಯಾದೃಚ್ಛಿಕ ಮಾದರಿ ತೆಗೆದು ಲೆಕ್ಕ ಹಾಕೋಣವೆಂದರೆ, ಡೋಪಿಂಗ್ ಮಾಡಿದ ಕೂಡಲೇ ಸಂಭವನೀಯತೆಯ ಜಾಗದಲ್ಲಿ ಬಳಸುವ ತೂಕಗಳಲ್ಲಿ ಕೆಲವು ಋಣಾತ್ಮಕವಾಗಿ, ಧನ ಮತ್ತು ಋಣ ತೂಕಗಳು ಒಂದನ್ನೊಂದು ಅಳಿಸುತ್ತವೆ. ತಾಪಮಾನ ಇಳಿದಷ್ಟೂ ಈ ಚಿಹ್ನೆಯ ತೊಡಕು ಘಾತೀಯವಾಗಿ ಬೆಳೆಯುತ್ತದೆ. ಲೆಕ್ಕದಲ್ಲಿ ಸೂಡೋಗ್ಯಾಪ್ ಕಾಣಿಸಿಕೊಂಡಿತು ಎನ್ನುವುದಕ್ಕೂ ಅದರ ಕಾರಣ ತಿಳಿಯಿತು ಎನ್ನುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಬರಹದಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ.

ಒಂದೇ ಪ್ಯಾರಾದಲ್ಲಿ ಒಂಬತ್ತು ವಿಜ್ಞಾನಿಗಳ ಹೆಸರುಗಳಿವೆ. ಮದುವೆಯ ಆಹ್ವಾನ ಪತ್ರಿಕೆಯ ಹಾಗೆ. ಹೆಸರುಗಳನ್ನು ತೆಗೆದು ಸೂಡೋಗ್ಯಾಪಿನ ಕಾರಣದ ಜಗಳವನ್ನು ಉಳಿಸಿಕೊಳ್ಳಿ: ಅತಿವಾಹಕತೆಯ ಎಲೆಕ್ಟ್ರಾನ್ ಜೋಡಿಗಳು ಮೊದಲೇ ಕೂಡಿ, ಒಂದೇ ಲಯಕ್ಕೆ ಬರಲು ಕಾಯುತ್ತಿವೆಯೇ, ಅತಿವಾಹಕತೆಗೆ ಪೈಪೋಟಿ ಕೊಡುವ ಬೇರೊಂದು ವ್ಯವಸ್ಥೆ ಅಡಗಿದೆಯೇ, ಅಥವಾ ‘ಯು’ವಿನ ಬಲವೇ ಸಾಕೇ. ಇವುಗಳಿಗೆ ಎದುರಾಗಿ ಒಂದು ಪ್ರಯೋಗವನ್ನು ಇಡಿ. ಪ್ರಬಲ ಕಾಂತಕ್ಷೇತ್ರದಲ್ಲಿ ಹಾಲ್ ಪರಿಣಾಮವನ್ನು (ಪ್ರವಾಹಕ್ಕೆ ಅಡ್ಡಲಾಗಿ ಹುಟ್ಟುವ ವೋಲ್ಟೇಜು) ಅಳೆದ 2016ರ ಪ್ರಯೋಗದಲ್ಲಿ, ಡೋಪಿಂಗ್ (‘ಪಿ’, ಅಂದರೆ ಪ್ರತಿ ತಾಣಕ್ಕೆ ಕಳೆದ ಎಲೆಕ್ಟ್ರಾನ್‌ಗಳ ಪ್ರಮಾಣ) ಸುಮಾರು 0.19ರ ಬಳಿ ಬಂದಾಗ ವಾಹಕಗಳ ಸಂಖ್ಯೆ ‘ಪಿ’ಯಿಂದ ‘1+ಪಿ’ಗೆ ಏರಿತು. ಪ್ರತಿ ವಾದವೂ ಈ ಏರಿಕೆಗೆ ಏನು ಉತ್ತರ ಕೊಡುತ್ತದೆಂದು ಬರೆಯಿರಿ.

‘ಮಿಥ್ಯಾವಕಾಶ’ ಎಂಬ ನಿಮ್ಮ ಪದ ಬೇಡ. ಕೈತಪ್ಪಿದ ನೌಕರಿಯ ನೆನಪಾಗುತ್ತದೆ. ಸೂಡೋಗ್ಯಾಪ್ ಎಂದೇ ಬರೆದು, ಒಮ್ಮೆ ‘ಹುಸಿ ಅಂತರ’ ಎಂದು ವಿವರಿಸಿ. ತೇಲುವ ರೈಲುಗಳ ಕೊನೆಯ ಪ್ಯಾರಾವನ್ನು ತೆಗೆದಿದ್ದೇನೆ. ಅಲ್ಲಿ ಉಳಿದ ಜಾಗಕ್ಕೆ ಫರ್ಮಿ ಕಮಾನಿನ ಚಿತ್ರ ಬೇಕು. ಪೆನ್ಸಿಲಿನಲ್ಲಿ ಬರೆದು ಕಳುಹಿಸಿದರೂ ನಡೆಯುತ್ತದೆ, ಆದರೆ ಬಂಧದ ದಿಕ್ಕು ಯಾವುದು, ಕರ್ಣ ಯಾವುದು ಎಂದು ನೀವೇ ಗುರುತು ಹಾಕಿರಬೇಕು.

ಇಂತಿ,
ಸಂಪಾದಕ
ತುಮಕೂರು