ರಾಜ್ಯಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧಗಳ ಜೊತೆಗೆ ಚೀನೀ ಭಾಷೆ ಓದಬಹುದೇ?

ನಿಮ್ಮ ಪ್ರಶ್ನೆಯ "ಜೊತೆಗೆ" ಎಂಬ ಪದದ ಬಳಿ ಬಂದು ನಾನು ಓದುವುದನ್ನೇ ನಿಲ್ಲಿಸಿದೆ. 2015ರ ಜುಲೈನಲ್ಲಿ ಹಾಸನದ ರೈಲು ನಿಲ್ದಾಣದಲ್ಲಿ ಅಪ್ಪನಿಗೆ ನಾನು ಹೇಳಿದ್ದೂ ಇದನ್ನೇ: "ದೆಹಲಿಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡುತ್ತೇನೆ, ಜೊತೆಗೆ ಚೀನೀ ಭಾಷೆಯನ್ನೂ ಕಲಿಯುತ್ತೇನೆ." ಊಟದ ಜೊತೆಗೆ ಉಪ್ಪಿನಕಾಯಿ ಬಡಿಸಿಕೊಳ್ಳುವ ಧಾಟಿಯಲ್ಲಿ ಹೇಳಿದ್ದೆ. ಓದಿನ ಹೊರೆ ಹೆಚ್ಚಾದೀತೇ, ಉದ್ಯೋಗಕ್ಕೆ ಬಂದೀತೇ ಎಂದು ನೀವು ಕೇಳಿದ್ದೀರಿ. ಆ ಎರಡಕ್ಕೂ ಕೊನೆಯಲ್ಲಿ ಬರುತ್ತೇನೆ. ಮೊದಲು ನನಗೆ ಆದದ್ದನ್ನು ಕೇಳಿ.

ಹಗಲು ರಾಜ್ಯಶಾಸ್ತ್ರದ ತರಗತಿ, ಸಂಜೆ ಚೀನೀ ಭಾಷೆಯ ಅರೆಕಾಲಿಕ ಕೋರ್ಸ್. ಮೊದಲ ಆರು ತಿಂಗಳು ಹಬ್ಬದಂತಿತ್ತು. ಒಂದೇ "ಮಾ" ಎಂಬ ಉಚ್ಚಾರವನ್ನು ನಾಲ್ಕು ದನಿಗಳಲ್ಲಿ ಹೇಳಿದರೆ ತಾಯಿ, ಸೆಣಬು, ಕುದುರೆ, ಬೈಗುಳ ಎಂದು ನಾಲ್ಕು ಅರ್ಥ ಬರುತ್ತದೆಂದು ಕಲಿತ ರಾತ್ರಿ ಹಾಸ್ಟೆಲಿನ ತಾರಸಿಯ ಮೇಲೆ ಒಬ್ಬನೇ ನಡೆಯುತ್ತ ಅದನ್ನೇ ಹೇಳಿಕೊಂಡಿದ್ದೆ. ಆಮೇಲೆ ಪ್ರಬಂಧಗಳು ಶುರುವಾದವು. ಪ್ರಬಂಧಕ್ಕೆ ಗಡುವಿರುತ್ತದೆ, ಅಂಕವಿರುತ್ತದೆ, ತಡವಾದರೆ ಕೇಳುವ ಪ್ರಾಧ್ಯಾಪಕರಿರುತ್ತಾರೆ. ನಾಲಿಗೆಗೆ ಯಾರೂ ಗಡುವು ಕೊಡುವುದಿಲ್ಲ. ಹಾಗಾಗಿ ಪ್ರತಿ ವಾರವೂ ಪ್ರಬಂಧ ಗೆದ್ದಿತು. ಸಂಜೆಯ ತರಗತಿ ತಪ್ಪಿದಾಗ, ಪುಸ್ತಕದಿಂದ ಕಲಿತರಾಯಿತು ಎಂದುಕೊಂಡೆ. ಪುಸ್ತಕದಿಂದ ಕಲಿತೆ ಕೂಡ. ಹೀಗೆ ಕಣ್ಣಿನಿಂದ ಚೀನೀ ಕಲಿತೆ. ಕಿವಿ, ಬಾಯಿ ಎರಡೂ ಹಿಂದೆಯೇ ಉಳಿದವು.

ಇದು ಯಾರ ಕಣ್ಣಿಗೂ ಬೀಳಲಿಲ್ಲ. ಏಕೆಂದರೆ ನಾನು ಬರೆದ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯಲ್ಲಿ ಆಲಿಸುವುದು, ಓದುವುದು, ಬರೆಯುವುದು ಇದ್ದವು, ಮಾತನಾಡುವ ಭಾಗವೇ ಇರಲಿಲ್ಲ. ಮಾತಿಗೆ ಬೇರೆ ಪರೀಕ್ಷೆಯಿದೆ, ಅದನ್ನು ನಾನು ತೆಗೆದುಕೊಳ್ಳಲಿಲ್ಲ. 1200 ಪದಗಳ ನಾಲ್ಕನೆಯ ಹಂತ ದಾಟಿದೆ, ಅಪ್ಪ ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. 2017ರಲ್ಲಿ ಎಂ.ಫಿಲ್. ಸೇರಿದೆ. ವಿಷಯ, ತೈವಾನ್ ಕುರಿತು ಅಮೆರಿಕ ಮತ್ತು ಚೀನಾ ಹೊರಡಿಸಿದ ಜಂಟಿ ಹೇಳಿಕೆಗಳು. ಮರುವರ್ಷ, ಚೀನಾದ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಭಾಷೆ ಕಲಿಯಲು ವಿದ್ಯಾರ್ಥಿವೇತನ ಸಿಕ್ಕಿತು. 2018ರ ಸೆಪ್ಟೆಂಬರಿನಲ್ಲಿ ಹೊರಡಬೇಕಿತ್ತು. ಶುಲ್ಕವಿಲ್ಲ, ವಸತಿ ಉಚಿತ, ಕೈಖರ್ಚಿಗೂ ಹಣ. ನಾನು "ಈ ವರ್ಷ ಬರಲಾಗುವುದಿಲ್ಲ" ಎಂದು ಪತ್ರ ಬರೆದೆ.

ಏಕೆ ಬರೆದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಇದೇ ಲೆಕ್ಕ ಹಾಕುತ್ತೀರಿ. ಪ್ರಬಂಧ ಅರ್ಧವಾಗಿದೆ; ಈಗ ಬಿಟ್ಟು ಹೋದರೆ ಎಳೆ ತಪ್ಪುತ್ತದೆ; ಮುಗಿಸಿ ಹೋದರೆ ನಿಶ್ಚಿಂತೆ. ಚೀನಾ ಎಲ್ಲಿಗೂ ಓಡಿಹೋಗುವುದಿಲ್ಲ. ಭಾಷೆಯನ್ನು ಯಾವಾಗ ಬೇಕಾದರೂ ಕಲಿಯಬಹುದು. ಪ್ರತಿಯೊಂದು ವಾಕ್ಯವೂ ಎಷ್ಟು ವಿವೇಕದ್ದಾಗಿ ಕೇಳಿಸುತ್ತದೆ ನೋಡಿ! ಮಾರ್ಗದರ್ಶಕರು ತಲೆಯಾಡಿಸಿದರು, ಸ್ನೇಹಿತರು ಒಪ್ಪಿದರು, ಅಮ್ಮನಿಗಂತೂ ಮಗ ದೇಶ ಬಿಟ್ಟು ಹೋಗದಿದ್ದದ್ದೇ ಸಮಾಧಾನ.

ಲೆಕ್ಕ ತಲೆಕೆಳಗಾಗಿತ್ತು. ಯಾವಾಗ ಬೇಕಾದರೂ ಓದಬಹುದಾದದ್ದು ರಾಜ್ಯಶಾಸ್ತ್ರ. ವಾಸ್ತವವಾದ, ಉದಾರವಾದದಂಥ ಅದರ ಸಿದ್ಧಾಂತಗಳನ್ನು ನಲವತ್ತನೆಯ ವಯಸ್ಸಿನಲ್ಲಿ ಹಾಸನದ ಗ್ರಂಥಾಲಯದಲ್ಲಿ ಕುಳಿತು ಓದಿ ಅರ್ಥಮಾಡಿಕೊಳ್ಳಬಹುದು, ಬಹುಶಃ ಇಪ್ಪತ್ತರಲ್ಲಿ ಓದಿದ್ದಕ್ಕಿಂತ ಚೆನ್ನಾಗಿಯೇ. ದನಿ ಹಾಗಲ್ಲ. ತಪ್ಪು ದನಿಯಲ್ಲಿ ಒಂದು ಪದವನ್ನು ಸಾವಿರ ಸಲ ಮನಸ್ಸಿನೊಳಗೇ ಓದಿಕೊಂಡರೆ ಅದು ಸಾವಿರ ಸಲ ತಪ್ಪಾಗಿ ಅಭ್ಯಾಸ ಮಾಡಿದಂತೆ. ತಿದ್ದುವವರಿಲ್ಲದೆ ಕಳೆದ ಪ್ರತಿ ತಿಂಗಳೂ ಆ ತಪ್ಪು ಗಾರೆಯಂತೆ ಗಟ್ಟಿಯಾಗುತ್ತದೆ. ನಾನು ಒಂದು ವರ್ಷ ಮುಂದೂಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಒಂದು ವರ್ಷದಲ್ಲಿ ನನ್ನ ಚೀನೀ ಭಾಷೆ ಇದ್ದಲ್ಲಿಯೇ ಇರಲಿಲ್ಲ, ಕೆಡುತ್ತ ಹೋಯಿತು.

ಯಾವ ಪ್ರಬಂಧಕ್ಕಾಗಿ ಭಾಷೆಯನ್ನು ಮುಂದೂಡಿದೆನೋ ಅದೇ ಪ್ರಬಂಧ ಭಾಷೆಯಿಲ್ಲದೆ ಮುಗ್ಗರಿಸಿತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಮೆಲುದನಿಯವರು. 1979ರ ಹೇಳಿಕೆಯ ಬಗ್ಗೆ ನಾನು ಬರೆದ ಅಧ್ಯಾಯವನ್ನು ತೆರೆದು ಒಂದೇ ಪ್ರಶ್ನೆ ಕೇಳಿದರು: "ಚೀನೀ ಪಠ್ಯದಲ್ಲಿ ಈ ಜಾಗದಲ್ಲಿ ಯಾವ ಕ್ರಿಯಾಪದವಿದೆ?" ನಾನು ಸುಮ್ಮನೆ ಕುಳಿತೆ. ಇಂಗ್ಲಿಷ್ ಪಠ್ಯದಲ್ಲಿ ಅಮೆರಿಕವು ಬೀಜಿಂಗ್ ಸರ್ಕಾರವನ್ನು "ರೆಕಗ್ನೈಸ್" ಮಾಡುತ್ತದೆ, ಅಂದರೆ ಮಾನ್ಯ ಮಾಡುತ್ತದೆ. ತೈವಾನ್ ಚೀನಾದ ಭಾಗ ಎಂಬ ನಿಲುವನ್ನು ಮಾತ್ರ "ಅಕ್ನಾಲೆಜ್" ಮಾಡುತ್ತದೆ, ಅಂದರೆ ನಿಮ್ಮ ನಿಲುವು ಹೀಗಿದೆ ಎಂಬುದು ನಮಗೆ ತಿಳಿದಿದೆ ಎನ್ನುತ್ತದೆ. ಚೀನೀ ಪಠ್ಯದಲ್ಲಿ ಎರಡೂ ಕಡೆ ಒಂದೇ ಪದ, "ಛಂಗ್‌ರೆನ್". ಒಪ್ಪಿ ಮಾನ್ಯ ಮಾಡುವುದು ಎಂದು ಅದರ ಅರ್ಥ. 1972ರ ಶಾಂಘೈ ಹೇಳಿಕೆಯ ಚೀನೀ ಪಠ್ಯದಲ್ಲಿ ಇನ್ನೂ ಮೆದುವಾದ, "ಮನಗಂಡಿದ್ದೇವೆ" ಎಂಬ ಅರ್ಥದ ಪದವಿತ್ತು. ಏಳು ವರ್ಷಗಳಲ್ಲಿ ಒಂದು ಕ್ರಿಯಾಪದ ಬದಲಾಗಿದೆ. ಒಂದು ದ್ವೀಪದ ಮೇಲಿನ ವಾದ ಇಂದಿಗೂ ಆ ಪದದ ಸುತ್ತ ಸುತ್ತುತ್ತಿದೆ. ನಿಘಂಟು ಹಿಡಿದು ಹತ್ತು ನಿಮಿಷ ಕುಳಿತಿದ್ದರೆ ನನಗೇ ಕಾಣುತ್ತಿತ್ತು. ಇಂಗ್ಲಿಷ್ ಪಠ್ಯ ಕೈಯಲ್ಲಿದೆಯಲ್ಲ, ಗಡುವು ಹತ್ತಿರವಾಗಿದೆಯಲ್ಲ ಎಂದು ಕುಳಿತುಕೊಳ್ಳಲಿಲ್ಲ. ಪದವಿ ಕೊಟ್ಟರು. ಆ ಪ್ರಬಂಧವನ್ನು ನಾನು ಮತ್ತೆ ಯಾರಿಗೂ ತೋರಿಸಿಲ್ಲ.

ಮತ್ತೆ ಅರ್ಜಿ ಹಾಕಿದ್ದು 2020ರ ಸೆಪ್ಟೆಂಬರಿಗೆ. ಮುಂದಿನದು ನಿಮಗೂ ಗೊತ್ತು. ಆ ವರ್ಷ ಮಾರ್ಚ್ 28ರಿಂದ ಚೀನಾ ವಿದೇಶಿಯರಿಗೆ ಬಾಗಿಲು ಮುಚ್ಚಿತು. ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ತೆತ್ತರು. ಭಾರತೀಯ ವಿದ್ಯಾರ್ಥಿಗಳಿಗೆ ಮತ್ತೆ ವೀಸಾ ಸಿಗತೊಡಗಿದ್ದು 2022ರ ಆಗಸ್ಟ್ ಹೊತ್ತಿಗೆ. ನೇರ ವಿಮಾನಗಳು ಹಾರಲು 2025ರ ಅಕ್ಟೋಬರ್ ಬರಬೇಕಾಯಿತು. ಸಾಂಕ್ರಾಮಿಕವನ್ನೂ ಗಡಿಯನ್ನೂ ದೂರಿ ಕೈತೊಳೆದುಕೊಳ್ಳುವುದು ಸುಲಭ. ಎರಡು ವರ್ಷ ನಾನೂ ಹಾಗೆಯೇ ಮಾಡಿದೆ. ಆದರೆ 2018ರಲ್ಲಿ ಬಾಗಿಲು ತೆರೆದೇ ಇತ್ತು, ಒಳಗೆ ಬಾ ಎಂದು ಕರೆಯುತ್ತಲೂ ಇತ್ತು.

2021ರಲ್ಲಿ ಒಂದು ಸಂಶೋಧನಾ ಸಂಸ್ಥೆಯ ಸಂದರ್ಶನ, ಕಂಪ್ಯೂಟರಿನ ಪರದೆಯ ಮೇಲೆ. ಚೀನೀ ಪತ್ರಿಕೆಯ ಒಂದು ಪುಟ ಕೊಟ್ಟರು, ಓದಿ ಸಾರಾಂಶ ಬರೆದೆ, ಮೆಚ್ಚಿದರು. ನಂತರ ಐದು ನಿಮಿಷ ಚೀನೀ ಭಾಷೆಯಲ್ಲಿ ಮಾತನಾಡಿ ಎಂದರು. ಭಾರತವು ಔಷಧಗಳ ಕಚ್ಚಾವಸ್ತುವನ್ನು ಚೀನಾದಿಂದ ಕೊಳ್ಳುತ್ತದೆ ಎಂದು ಆರಂಭಿಸಿದೆ. ಕೊಳ್ಳುವುದು, ಮಾರುವುದು ಎರಡಕ್ಕೂ "ಮಾಯ್" ಎಂಬುದೇ ಪದ. ದನಿ ತಗ್ಗಿ ಏರಿದರೆ ಕೊಳ್ಳುವುದು, ಮೇಲಿನಿಂದ ಒಮ್ಮೆಲೇ ಇಳಿದರೆ ಮಾರುವುದು. ನನ್ನ ವ್ಯಾಪಾರವೆಲ್ಲ ಅದಲುಬದಲಾಯಿತು. ಮೂರನೆಯ ನಿಮಿಷಕ್ಕೆ ಒಬ್ಬರು ನನ್ನನ್ನು ತಡೆದು, ಇಂಗ್ಲಿಷಿನಲ್ಲಿಯೇ ಮುಂದುವರಿಸಿ ಎಂದರು. ಅವರ ದನಿಯಲ್ಲಿ ಕರುಣೆಯಿತ್ತು. ಆ ಕೆಲಸ ಸಿಗಲಿಲ್ಲ. ಸಿಗಬಾರದಿತ್ತು ಕೂಡ.

2023ರಲ್ಲಿ, ತೈವಾನ್ ಸರ್ಕಾರ ಭಾಷಾ ವಿದ್ಯಾರ್ಥಿಗಳಿಗೆ ಕೊಡುವ ಹುವಾಯೂ ವಿದ್ಯಾರ್ಥಿವೇತನದ ಮೇಲೆ ತೈಪೆಗೆ ಹೋದೆ, ಒಂಬತ್ತು ತಿಂಗಳ ಮಟ್ಟಿಗೆ. ತರಗತಿಯಲ್ಲಿ ನನ್ನ ಪಕ್ಕ ಕುಳಿತವರಿಗೆ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ನಮ್ಮ ಶಿಕ್ಷಕಿ ಮೊದಲ ದಿನ ನಾನು ಮಾತನಾಡಿದ್ದನ್ನು ಪೂರ್ತಿ ಕೇಳಿ, ನನ್ನ ಪುಸ್ತಕದಲ್ಲಿ ಚೀನೀ ಉಚ್ಚಾರವನ್ನು ತೋರಿಸುತ್ತಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ಬಿಳಿ ಕಾಗದ ಅಂಟಿಸಿಬಿಟ್ಟರು. ಅದರ ಬದಲು ತೈವಾನಿನ ಮಕ್ಕಳು ಕಲಿಯುವ 37 ಧ್ವನಿಸಂಕೇತಗಳ ಪಟ್ಟಿಯನ್ನು ಕೈಗಿಟ್ಟರು. ಅದನ್ನು ಕಂಡು ನನಗೆ ಮೈ ಜುಮ್ಮೆಂದಿತು. ತುಟಿಯ ಧ್ವನಿಗಳು ಒಂದು ಸಾಲು, ಹಲ್ಲಿನವು ಒಂದು ಸಾಲು, ಕಂಠದವು ಮತ್ತೊಂದು ಸಾಲು. ಪ್ರತಿ ಸಾಲಿನಲ್ಲೂ ಮೊದಲು ಅಲ್ಪಪ್ರಾಣ, ಆಮೇಲೆ ಮಹಾಪ್ರಾಣ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ವರ್ಗೀಯ ವ್ಯಂಜನಗಳ ನೆರಳು ಅಲ್ಲಿತ್ತು.

ಎಂಟು ವರ್ಷ ನಾನು ಚೀನೀ ಭಾಷೆಯನ್ನು ಇಂಗ್ಲಿಷ್ ಕಿಟಕಿಯಿಂದ ಇಣುಕಿ ನೋಡಿದ್ದೆ, ಮನೆಯ ಬಾಗಿಲು ಬೇರೆ ಕಡೆ ಇದ್ದರೂ. ರೋಮನ್ ಲಿಪಿಯಲ್ಲಿ "ಬಿ" ಎಂದು ಬರೆಯುವುದು ಅಲ್ಲಿ ನಮ್ಮ "ಪ", "ಪಿ" ಎಂದು ಬರೆಯುವುದು ಅದರ ಮಹಾಪ್ರಾಣ. ಬೀಜಿಂಗ್ ಎಂದು ನಾವು ಹೇಳುವ ಊರು ಅವರ ಬಾಯಲ್ಲಿ "ಪೇಯ್‌ಚಿಂಗ್" ಎಂಬಂತಿರುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರು ತಿಂಗಳುಗಟ್ಟಲೆ ಒದ್ದಾಡುವ ಈ ವ್ಯತ್ಯಾಸ ಕ, ಖ ಬಲ್ಲ ನಮಗೆ ಬಾಲ್ಯದಿಂದಲೇ ಬಂದಿದೆ. ವಾಕ್ಯರಚನೆಯಲ್ಲೂ ಅಷ್ಟೇ. "ನೀ ನಿನ್ನೆ ಕೊಂಡ ಪುಸ್ತಕ" ಎಂಬುದನ್ನು ಚೀನೀಯರು ನಮ್ಮ ಕ್ರಮದಲ್ಲಿಯೇ ಹೇಳುತ್ತಾರೆ, ಪುಸ್ತಕ ಕೊನೆಗೆ. ಅವರ "ನೀ" ಕೂಡ ನಮ್ಮ "ನೀ"ಯೇ, ಅದು ಆಕಸ್ಮಿಕವಾದರೂ ನನಗೆ ಬಹಳ ಇಷ್ಟ. "ಬರುತ್ತೀರಾ" ಎನ್ನುವಾಗ ಕೊನೆಗೆ ಒಂದು "ಆ" ಸೇರಿಸಿ ಪ್ರಶ್ನೆ ಮಾಡುತ್ತೇವಲ್ಲ, ಅವರು "ಮಾ" ಸೇರಿಸುತ್ತಾರೆ. ಆದ್ದರಿಂದ ನೀವು ಚೀನೀ ಕಲಿತರೆ ದಯವಿಟ್ಟು ಕನ್ನಡದ ಮೂಲಕ ಕಲಿಯಿರಿ, ಟಿಪ್ಪಣಿಯನ್ನು ಕನ್ನಡ ಅಕ್ಷರದಲ್ಲಿ ಮಾಡಿಕೊಳ್ಳಿ. ದನಿಯೊಂದು ಮಾತ್ರ ನಮ್ಮಲ್ಲಿಲ್ಲ. ಇರುವ ಶ್ರಮವನ್ನೆಲ್ಲ ಅದಕ್ಕೆ ಸುರಿಯಿರಿ.

"ಮಾಯ್" ಎಂಬ ಆ ಒಂದು ಜೋಡಿಯನ್ನು ತಿದ್ದಿಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ದಣಿದಾಗ ಇಂದಿಗೂ ಜಾರುತ್ತದೆ.

ಈಗ ನಿಮ್ಮ ಪ್ರಶ್ನೆಗಳಿಗೆ. ಉದ್ಯೋಗಕ್ಕೆ ಬರುತ್ತದೆ. ನಾನೀಗ ಬೆಂಗಳೂರಿನಲ್ಲಿ ಚೀನೀ ವ್ಯಾಪಾರ ನಿಯಮಗಳನ್ನು ಓದಿ ವರದಿ ಬರೆಯುವ ಕೆಲಸದಲ್ಲಿದ್ದೇನೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ದುಭಾಷಿಗಳಾಗಿರುವ ಪರಿಚಿತರಿದ್ದಾರೆ. ವಿದೇಶಾಂಗ ಸೇವೆಗೆ ಆಯ್ಕೆಯಾದವರಲ್ಲಿ ಕೆಲವರಿಗೆ ಪ್ರತಿವರ್ಷ ಚೀನೀ ಭಾಷೆ ಕಲಿಸುತ್ತಾರೆ. ಆದರೆ ಉದ್ಯೋಗಕ್ಕಾಗಿ ಮಾತ್ರ ಎಂದಾದರೆ ಬೇಡ. ಮೂರನೆಯ ವರ್ಷದ ನಡುರಾತ್ರಿ ಅದೇ ಅಕ್ಷರವನ್ನು ಐವತ್ತನೆಯ ಸಲ ಬರೆಯುವಾಗ ಸಂಬಳದ ಆಸೆ ಎಚ್ಚರವಿರಿಸುವುದಿಲ್ಲ. ಮೊಬೈಲೇ ಅನುವಾದ ಮಾಡುತ್ತದಲ್ಲ ಎಂದೂ ಬರೆದಿದ್ದೀರಿ. "ಮಾನವಕುಲದ ಸಮಾನ ವಿಧಿ" ಎಂದಿದ್ದ ಒಂದು ಚೀನೀ ಘೋಷಣೆಯ ಅಧಿಕೃತ ಇಂಗ್ಲಿಷ್ ಅನುವಾದ ಮುಂದೆ "ಹಂಚಿಕೊಂಡ ಭವಿಷ್ಯ" ಎಂದು ಬದಲಾಯಿತು. ಚೀನೀ ಭಾಷೆಯಲ್ಲಿ ವಿಧಿ ವಿಧಿಯಾಗಿಯೇ ಉಳಿದಿದೆ. ಏನನ್ನು ಬದಲಿಸಿದರು, ಯಾರಿಗಾಗಿ ಬದಲಿಸಿದರು ಎಂದು ಕೇಳುವುದೇ ರಾಜ್ಯಶಾಸ್ತ್ರ. ಮೂಲ ಓದಲಾರದವನಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಹೊರೆಯ ಮಾತು. ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚೀನೀ ಭಾಷೆ ಯಾವುದರ ಜೊತೆಗೂ ಬರುವಂಥದ್ದಲ್ಲ. ಇಂಗ್ಲಿಷ್ ಮಾತನಾಡುವ ತಮ್ಮ ರಾಜತಾಂತ್ರಿಕರಿಗೆ ಅದನ್ನು ಕಲಿಸಲು ಅಮೆರಿಕದ ವಿದೇಶಾಂಗ ಇಲಾಖೆ 2200 ತರಗತಿ ಗಂಟೆಗಳನ್ನು ಎಣಿಸುತ್ತದೆ. ಮೊದಲ ಎರಡು ವರ್ಷ ಚೀನೀ ಭಾಷೆಯನ್ನು ಮುಖ್ಯವಾಗಿ ಹಿಡಿದು ರಾಜ್ಯಶಾಸ್ತ್ರವನ್ನು ಅದರ ಜೊತೆಗೆ ಓದಿ. ಕೆಲವು ಪತ್ರಿಕೆಗಳಲ್ಲಿ ಅಂಕ ಕಡಿಮೆಯಾಗುತ್ತದೆ, ಆಗಲಿ. ದಿನಕ್ಕೆ ಎರಡು ಗಂಟೆ ಕೊಡಲಾಗದಿದ್ದರೆ ಚೀನೀ ಭಾಷೆಯನ್ನು ಬಿಟ್ಟು ರಾಜ್ಯಶಾಸ್ತ್ರವನ್ನೇ ಚೆನ್ನಾಗಿ ಓದಿ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ನನ್ನ ಹಾಗೆ ನಡುವೆ ನಿಲ್ಲಬೇಡಿ.

ಎಲ್ಲಿ ಓದಬೇಕೆಂಬುದು ಅಷ್ಟು ದೊಡ್ಡ ವಿಷಯವಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು) ಇದೆ, ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ವಿಭಾಗವಿದೆ, ಶಾಂತಿನಿಕೇತನದಲ್ಲಿ 1937ರಲ್ಲಿ ರವೀಂದ್ರನಾಥ ಠಾಕೂರರು ತೆರೆದ ಚೀನಾ ಭವನವಿದೆ. ಎಲ್ಲಿಗೇ ಹೋದರೂ, ವಿದೇಶದಲ್ಲಿ ಕಲಿಯುವ ವರ್ಷ ಕೈಗೆ ಬಂದ ದಿನವೇ ಹೊರಡಿ. ಯಾವ ಪ್ರಬಂಧ ಅರ್ಧವಾಗಿದ್ದರೂ ಅದನ್ನು ಹಾಗೆಯೇ ಬಿಟ್ಟು ಹೊರಡಿ.

ಮೊದಲ ವರ್ಷ ರಾಜ್ಯಶಾಸ್ತ್ರವನ್ನು ಗಟ್ಟಿ ಮಾಡಿಕೊಂಡು ಚೀನೀ ಭಾಷೆಯನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡ. ತರಗತಿ ಶುರುವಾದ ದಿನವೇ ಹೋಗಿ, ಮೊದಲ ಸಾಲಿನಲ್ಲಿ, ಕಲಿಸುವವರ ಬಾಯಿ ಕಾಣುವಲ್ಲಿ ಕುಳಿತುಕೊಳ್ಳಿ.