ಜುಲೈನಲ್ಲಿ ಮಂಡ್ಯಕ್ಕೆ ಬರೋ ಬಂಗುಡೆ ತಗೋಬಹುದಾ?

ಜುಲೈನಲ್ಲೂ ಮಂಡ್ಯದಲ್ಲಿ ಬಂಗುಡೆ ಸಿಗ್ತಿದೆ, ತಗೋಬಹುದಾ ಅಂತ ಕೇಳಿದ್ದೀರಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡೋ ಕಾಲ, ಕಡಲೂ ಒರಟು. ನಾಡದೋಣಿಯವರು ಹಿಡಿಯೋದು ಸ್ವಲ್ಪವೇ. ಹಾಗಾಗಿ ಇಲ್ಲಿಗೆ ಬರೋದು ಹೆಚ್ಚಾಗಿ ಪೂರ್ವ ಕರಾವಳಿಯದು (ಅಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುತ್ತೆ), ಇಲ್ಲವೇ ಫ್ರೀಜರಿನದು.

ಕಿವಿರು ಎತ್ತಿ ನೋಡಿ. ಕೆಂಪಗಿರಬೇಕು, ಕಂದು ತಿರುಗಿ ಲೋಳೆ ಕಟ್ಟಿದ್ರೆ ಬಿಟ್ಬಿಡಿ. ಬೆರಳಲ್ಲಿ ಒತ್ತಿದ ಗುಳಿ ಹಾಗೇ ಉಳೀಬಾರದು. ಐಸ್ ತಪ್ಪಿದ ಬಂಗುಡೆಯಲ್ಲಿ ಹಿಸ್ಟಮಿನ್ ಅನ್ನೋ ವಿಷಾಂಶ ಸೇರುತ್ತೆ, ಎಷ್ಟು ಕುದಿಸಿದರೂ ಹೋಗಲ್ಲ, ತಿಂದರೆ ಮುಖ ಕೆಂಪಾಗಿ ಮೈಯೆಲ್ಲ ತುರಿಕೆ. ಅನುಮಾನ ಬಂದರೆ ಈ ಎರಡು ತಿಂಗಳು ಕೆರೆಯ ಕಾಟ್ಲಾ, ರೋಹುನೇ ವಾಸಿ.